ಧೂಳು, ನೀರು, ಔಷಧಿ ವಿಷದ ಬಗ್ಗೆ ತಾಯಂದಿರಿಗೆ ಹೇಳೋದು ಹೇಗೆ?

ಹೊಸದಾಗಿ ಅಂಗನವಾಡಿ ಕೆಲಸಕ್ಕೆ ಸೇರಿದ್ದೀರಿ. ಧೂಳು, ನೀರು, ಹೊಲದ ಔಷಧಿಯಿಂದ ಚಿಕ್ಕ ಮಕ್ಕಳಿಗೆ ಆಗುವ ತೊಂದರೆ ಹೇಳಿದರೆ ತಾಯಂದಿರು ತಲೆಯಾಡಿಸಿ ಎದ್ದು ಹೋಗ್ತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಕೊಪ್ಪಳದ ಗಿಣಿಗೇರಾ ಕಡೆ ಇದೇ ಕೆಲಸದಲ್ಲಿದ್ದೇನೆ. ಗೊತ್ತಿರೋದನ್ನೇ ಮತ್ತೆ ಹೇಳಿದರೆ ಯಾರಾದರೂ ಎದ್ದು ಹೋಗ್ತಾರೆ. ಮಾಳಿಗೆ ಮೇಲೆ, ಒಣಹಾಕಿದ ಬಟ್ಟೆ ಮೇಲೆ ಕೂರುವ ಕಾರ್ಖಾನೆಯ ಕರಿ ಧೂಳನ್ನು ದಿನಾ ಕೊಡವೋರು ಅವರೇ ಅಲ್ವಾ? ಅವರ ಮುಂದೆ ಧೂಳು ಕೆಟ್ಟದ್ದು ಅಂತ ಭಾಷಣ ಯಾಕೆ? ಮನೆಯೊಳಗೆ ಇವತ್ತೇ ಬದಲಾಯಿಸಬಹುದಾದ ವಿಷಯ ಹಿಡಿಯಿರಿ. ಒಂದು ಸಭೆಗೆ ಒಂದೇ.

ನಾನಾದರೆ ನೀರಿನಿಂದ ಶುರು ಮಾಡುತ್ತೇನೆ. ಕೊಪ್ಪಳ, ರಾಯಚೂರು ಕಡೆ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. "ನಾವು ಕಾಯಿಸಿ ಕುಡಿಸ್ತೀವ್ರಿ" ಅನ್ನೋರೇ ಎಲ್ಲರೂ. ಕಾಯಿಸಿದರೆ ರೋಗದ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಇಂಗಿದಷ್ಟೂ ಉಳಿದ ನೀರಲ್ಲಿ ಅದರ ಪಾಲು ಏರುತ್ತೆ. ಈ ಮಾತಿಗೆ ಮಾತ್ರ ಸಭೆಯಲ್ಲಿ ಗುಸುಗುಸು ಏಳುತ್ತೆ ನೋಡಿ.

ಇನ್ನೊಂದು, ಶುದ್ಧ ನೀರಿನ ಘಟಕದಿಂದ ಕ್ಯಾನ್ ತರ್ತಾರೆ, ಆದರೆ ಕುಡಿಯೋಕೆ ಮಾತ್ರ. ಬೇಳೆಗೆ, ಕೂಸಿನ ಗಂಜಿಗೆ ಬೋರ್ ನೀರೇ. ಅಂಗನವಾಡಿ ಒಲೆ ಮೇಲೆಯೇ ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ನೀರಿಟ್ಟು ಅನ್ನ ಮಾಡಿ. ಆದಮೇಲೆ ಮುಚ್ಚಳ ತೆಗೆದು, ನೀರೆಲ್ಲ ಎಲ್ಲಿ ಹೋಯಿತು ಅಂತ ಅವರನ್ನೇ ಕೇಳಿ. ಅನ್ನದೊಳಗೇ ಹೋಗಿದೆ, ಫ್ಲೋರೈಡೂ ಅದರ ಜೊತೆಗೇ. ಹಾಲುಹಲ್ಲು ಬಿದ್ದಮೇಲೆ ಬರುವ ಹಲ್ಲು ಒಸಡಿನೊಳಗೆ ತಯಾರಾಗೋದು ಹೆಚ್ಚುಕಡಿಮೆ 8 ವರ್ಷದವರೆಗೆ. ಫ್ಲೋರೈಡಿನಿಂದ ಹಲ್ಲಿಗೆ ಕಲೆ ಬೀಳೋದೂ ಆಗಲೇ, ಆಮೇಲೆ ಎಷ್ಟು ಉಜ್ಜಿದರೂ ಹೋಗಲ್ಲ. ಖರ್ಚು ಜಾಸ್ತಿ ಅಂತಾರೆ, ಅದೂ ನಿಜ. ಮೊದಲು ಕೂಸಿನ ಗಂಜಿಗಾದರೂ ಕ್ಯಾನ್ ನೀರು ಇಡಿ ಅನ್ನಿ. ಸ್ನಾನಕ್ಕೆ, ಪಾತ್ರೆಗೆ ಬೋರ್ ನೀರು ಸಾಕು. ಅತ್ತೆಯಂದಿರನ್ನು ಬಿಟ್ಟು ಈ ಸಭೆ ಮಾಡಲೇಬೇಡಿ, ಸೊಸೆ ಕಲಿತಿದ್ದು ಹೊಸ್ತಿಲಲ್ಲೇ ನಿಲ್ಲುತ್ತೆ.

ಹತ್ತಿ, ಮೆಣಸಿನಕಾಯಿಗೆ ಎಣ್ಣಿ, ಅಂದರೆ ಹುಳದ ಔಷಧಿ, ಹೊಡೆದು ಬಂದ ಅಪ್ಪ ಅದೇ ಅಂಗಿಯಲ್ಲಿ ಕೂಸನ್ನು ಎತ್ತಿಕೊಳ್ತಾನೆ. ಇದನ್ನು ತಾಯಂದಿರಿಗೆ ಹೇಳಿ ಏನು ಉಪಯೋಗ? ಸಂಜೆ ಕಟ್ಟೆ ಮೇಲೆ ಕೂತ ಗಂಡಸರಿಗೇ ಹೇಳಿ. ಮೊದಲು ಸ್ನಾನ, ಆಮೇಲೆ ಕೂಸು. ಆ ಅಂಗಿ ಬೇರೆಯಾಗಿ ಒಗೆಯಬೇಕು. ಮಿಕ್ಕ ಔಷಧಿಯನ್ನು ನೀರಿನ ಬಾಟಲಿಗೆ ಸುರಿದಿಡೋದಂತೂ ಯಾವ ಕಾಲಕ್ಕೂ ಬೇಡ.

ಧೂಳಿಗೆ ಹೆಚ್ಚು ಮಾತು ಬೇಕಿಲ್ಲ. ಒಂದು ಬಿಳಿ ಬಟ್ಟೆ ಒದ್ದೆ ಮಾಡಿ, ಕೂಸು ಅಂಬೆಗಾಲಿಡುವ ಪಡಸಾಲೆ ಒರೆಸಿ ತೋರಿಸಿ. ಒಣ ಕಸಬರಿಗೆ ಧೂಳನ್ನು ಎಬ್ಬಿಸುತ್ತೆ, ಕೂಸಿನ ಮೂಗು ಇರೋದು ಅದೇ ಎತ್ತರದಲ್ಲಿ. ನಾವು ನಿಮಿಷಕ್ಕೆ 15ರ ಆಸುಪಾಸು ಉಸಿರಾಡಿದರೆ ಒಂದು ವರ್ಷದ ಕೂಸು 30ರ ಹತ್ತಿರ.

ಆದರೆ ಕಾರ್ಖಾನೆ ಚಿಮಣಿಯ ಹೊಗೆಗೆ ತಾಯಿಯನ್ನು ಹೊಣೆ ಮಾಡಬೇಡಿ. ಒರೆಸೋದು ಅವಳ ಕೈಲಿದೆ, ಹೊಗೆ ನಿಲ್ಲಿಸೋದು ಇಲ್ಲ. ಅದು ಗ್ರಾಮಸಭೆಯಲ್ಲಿ ಎತ್ತಬೇಕಾದ ಮಾತು, ಬರೆದುಕೊಂಡೇ ಹೋಗಿ. ಅಲ್ಲೇ ಇನ್ನೊಂದು ಕೇಳಿ: ಜಲಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ 5 ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಿಟ್ ಬಳಸೋ ತರಬೇತಿ ಕೊಡಬೇಕು ಅಂತಿದೆ, ನಿಮ್ಮೂರಲ್ಲಿ ಅವರು ಯಾರು? ಸಿಕ್ಕರೆ ಮುಂದಿನ ಸಭೆಗೆ ಕಿಟ್ ಸಮೇತ ಕರೆಯಿರಿ.