ಪ್ರತಿಕ್ರಿಯೆ: ಶಿರಸಿ ತಾಳಮದ್ದಲೆಯಲ್ಲಿ ಕೀಚಕನ ಅರ್ಥ

ತಾಳಮದ್ದಲೆಯಲ್ಲಿ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಹಾಡು-ಮಾತಲ್ಲೇ ನಡೆಸುವ ಯಕ್ಷಗಾನದಲ್ಲಿ, ನೀವು ಅರ್ಥ ಹೇಳಿದ (ಪಾತ್ರವಾಗಿ ಮಾತಾಡಿದ) ಕೀಚಕ "ಬರೀ ಕೂಗಾಟ" ಅನ್ನಿಸಿಕೊಂಡ ಅಂತ ಬರೆದಿದ್ದೀರಿ. ಅದಕ್ಕೆ ಕಾರಣ ಸ್ವರ ಅಲ್ಲ. ಮೊದಲ ಪದ್ಯದಿಂದಲೇ ಅವನನ್ನು ಕಾಮುಕ ಮಾತ್ರ ಮಾಡಿದ್ದೀರಿ ಅನ್ನಿಸುತ್ತದೆ. ನಾನೂ ಹಾಗೇ ಮಾಡಿ, ಆಮೇಲೆ ತಿದ್ದಿಕೊಂಡೆ.

ಮೊದಲು ಅವನ ಅಧಿಕಾರ ಕಟ್ಟಿ. ರಾಣಿ ಸುದೇಷ್ಣೆಯ ಒಡಹುಟ್ಟಿದವ, ವಿರಾಟನ ಸೇನಾಪತಿ. ಅವನು ಸತ್ತ ಸುದ್ದಿ ಕೇಳಿಯೇ ತ್ರಿಗರ್ತದ ಸುಶರ್ಮ ಮತ್ಸ್ಯದೇಶದ ಗೋವುಗಳಿಗೆ ಕೈಹಾಕಿದ ಅಂದರೆ ಆ ತೋಳಿನ ಬೆಲೆ ಊಹಿಸಿ. ಇಂಥವನಿಗೆ "ಇಲ್ಲ" ಎಂಬ ಮಾತು ಕೇಳಿ ಗೊತ್ತೇ ಇಲ್ಲ.

ಆಮೇಲೆ, ಸೈರಂಧ್ರಿ (ರಾಣಿಯ ದಾಸಿಯಾಗಿ ವೇಷ ಮರೆಸಿಕೊಂಡಿರುವ ದ್ರೌಪದಿ) ತನಗೆ ಬೇಕೆಂದು ಸುದೇಷ್ಣೆಯ ಹತ್ತಿರ ಅಂಗಲಾಚುವ ಭಾಗ. ಇಲ್ಲಿ ದನಿ ಇಳಿಸಿ, ಮೆತ್ತಗೆ ಹೇಳಿ. ಕೇಳಿದ್ದೆಲ್ಲ ಸಿಕ್ಕೇ ಬೆಳೆದವನ ಹಟ ಅದು.

ಮುಖ್ಯವಾದದ್ದು ಸೈರಂಧ್ರಿಯ ನಿರಾಕರಣೆ. ಅವಳ ಅರ್ಥ ಹೇಳುವವರೊಡನೆ ಮೊದಲೇ ಕೂತು ಮಾತಾಡಿ, ಅವರಿಗೆ ಪೂರ್ತಿ ಸಮಯ ಬಿಡಿ, ನಡುವೆ ಬಾಯಿ ಹಾಕಬೇಡಿ. ಅವರು ಮುಗಿಸಿದ ಮೇಲೆ ಒಂದು ಕ್ಷಣ ಸುಮ್ಮನಿರಿ. ಆ ಮೌನದಲ್ಲಿ ಆಸೆ ಅವಮಾನವಾಗುತ್ತದೆ, ಅವಮಾನ ಸಿಟ್ಟಾಗುತ್ತದೆ. ತುಂಬಿದ ಸಭೆಯಲ್ಲಿ ಅವಳನ್ನು ಒದೆಯುವುದು ಆ ಸಿಟ್ಟಿನಿಂದ. ಕಾಮ ಅಲ್ಲಿ ಉಳಿದೇ ಇಲ್ಲ. ರಾಜನೂ ತಡೆಯಲಿಲ್ಲ ಎಂಬುದು ಅವನಿಗೆ ಇನ್ನಷ್ಟು ಧೈರ್ಯ ಕೊಡುತ್ತದೆ. ಅದಕ್ಕೇ ಸೈರಂಧ್ರಿ ಕರೆದಾಗ, ಅಲ್ಲಿ ಭೀಮ ಕಾದಿರುವುದು ತಿಳಿಯದೆ, ರಾತ್ರಿ ನರ್ತನಶಾಲೆಗೆ ಒಬ್ಬನೇ, ಗೆದ್ದೆ ಅಂದುಕೊಂಡೇ ಹೋಗುತ್ತಾನೆ.

ಆದರೆ ಅವನ ಮನಸ್ಸು ಬಿಡಿಸುವ ಭರದಲ್ಲಿ ಅವನ ಪರ ವಕಾಲತ್ತು ಮಾಡಬೇಡಿ. ಕೇಳುವವರಿಗೆ ಅವನು ಅರ್ಥವಾಗಬೇಕು, ಭಯವೂ ಆಗಬೇಕು.

ಸಮಯ ಸಾಲದೆ ಸುದೇಷ್ಣೆಯ ಭಾಗದ ಪದ್ಯಗಳನ್ನು ಭಾಗವತರು (ಪದ್ಯ ಹಾಡುವವರು) ಬಿಟ್ಟರೂ ಬಿಡಬಹುದು. ಇವತ್ತೇ ಕೇಳಿಕೊಳ್ಳಿ, ಬಿಡುವುದಾದರೆ ಆ ಹಟವನ್ನು ಪೀಠಿಕೆಯಲ್ಲೇ ಎರಡು ಮಾತಲ್ಲಿ ಸೇರಿಸಿ.