ಮೊದಲು ಯಾವುದು, ಆಮೇಲೆ ಯಾವುದು?

ಗುರುಗಳೇ, ಶರಣು.

ಜೀವಕೋಶ ತನ್ನೊಳಗೆ ನಡೆದದ್ದನ್ನು ಡಿಎನ್‌ಎಯಲ್ಲೇ ಬರೆದಿಡುವಂತೆ ಮಾಡಬಹುದು ಎಂಬ ನಮ್ಮ ಲೇಖನವನ್ನು ಸೇಡಂನ ನಿಮ್ಮ ಶಾಲೆಯಲ್ಲಿ ಓದಿಸಿದಿರಂತೆ. "ಸರ್, ಮೊದ್ಲು ಬರ್ದಿದ್ದು ಯಾವುದು, ಆಮ್ಯಾಲ ಬರ್ದಿದ್ದು ಯಾವುದು, ಹ್ಯಾಂಗ ಗೊತ್ತಾಗ್ತದ?" ಎಂದು ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳಂತೆ. ಇಡೀ ವಿಷಯದ ಜೀವಾಳವೇ ಆ ಪ್ರಶ್ನೆ.

ವೈರಸ್ ನುಗ್ಗಿದಾಗ ಕೆಲವು ಬ್ಯಾಕ್ಟೀರಿಯಾ ಅದರ ಡಿಎನ್‌ಎಯ ಒಂದು ಚೂರನ್ನು ತನ್ನ ಡಿಎನ್‌ಎಯಲ್ಲಿ ಸೇರಿಸಿಕೊಳ್ಳುತ್ತದೆ. ಆ ಜಾಗಕ್ಕೆ ಕ್ರಿಸ್ಪರ್ ಎನ್ನುತ್ತಾರೆ. ಸೇರಿಸುವ ಕೆಲಸ ಕ್ಯಾಸ್1, ಕ್ಯಾಸ್2 ಎಂಬ ಪ್ರೋಟೀನುಗಳದ್ದು. ಹೊಸ ಚೂರು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಕೂರುತ್ತದೆ, ಹಳೆಯದು ಹಿಂದೆ ಸರಿಯುತ್ತದೆ. ಕಲಬುರಗಿಯ ನೆಹರೂ ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಚೀಲ ಒಟ್ಟಿದಂತೆ: ಮೊದಲು ಬಂದದ್ದು ತಳಕ್ಕೆ, ಈಗ ಬಂದದ್ದು ಮೇಲೆ. ಹಾಗಾಗಿ ತಾರೀಖು ಬರೆಯದಿದ್ದರೂ ಸರದಿ ತಿಳಿಯುತ್ತದೆ.

2017ರಲ್ಲಿ ಹಾರ್ವರ್ಡ್‌ನ ಸೇತ್ ಶಿಪ್‌ಮನ್, ಜಾರ್ಜ್ ಚರ್ಚ್ ತಂಡ ಓಡುವ ಕುದುರೆಯ ಐದು ಚಿತ್ರಗಳನ್ನು ಡಿಎನ್‌ಎ ಚೂರುಗಳಾಗಿ ಮಾಡಿ, ವೈರಸ್ಸಿನ ಚೂರಿನ ಬದಲು ಅವನ್ನು ಹೀಗೆ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬರೆಸಿತು. ಓದಿ ಜೋಡಿಸಿದಾಗ ಸುಮಾರು ಶೇ. 90ರಷ್ಟು ಸರಿ ಬಂತು. ಒಂದೇ ಕೋಶದಲ್ಲಿ ಎಲ್ಲಾ ಇರಲಿಲ್ಲ, ಗುಂಪಿನಲ್ಲಿ ಹಂಚಿಹೋಗಿತ್ತು. ಇದನ್ನು ಮಕ್ಕಳಿಗೆ ತಪ್ಪದೆ ಹೇಳಿ.

ಕೋಶ ಕೆಡುವುದಿಲ್ಲವೇ ಎಂಬ ನಿಮ್ಮ ಭಯಕ್ಕೆ: ಈ ವಿಧಾನದಲ್ಲಿ ಬರವಣಿಗೆ ಬೀಳುವುದು ಅದಕ್ಕೆಂದೇ ಇರುವ ಜಾಗದಲ್ಲಿ, ಬೇಕಾದ ಜೀನುಗಳ ಮಧ್ಯೆ ಅಲ್ಲ.

ಉಪಯೋಗ? ಸ್ವಿಟ್ಜರ್ಲೆಂಡ್‌ನ ವಿಜ್ಞಾನಿಗಳು 2022ರಲ್ಲಿ, ತನ್ನೊಳಗೆ ನಡೆದದ್ದನ್ನು ಹೀಗೆ ಬರೆದಿಡುವ ಬ್ಯಾಕ್ಟೀರಿಯಾವನ್ನು ಇಲಿಗಳ ಕರುಳಿಗೆ ಬಿಟ್ಟರು. ಇದಕ್ಕೆ ಇಲಿಯನ್ನು ಕೊಯ್ಯಬೇಕಿಲ್ಲ. ಹಿಕ್ಕೆಯಲ್ಲಿ ಬಂದ ಬ್ಯಾಕ್ಟೀರಿಯಾದ ಡಿಎನ್‌ಎ ಓದಿಯೇ, ತಿಂದ ಆಹಾರ ಬದಲಾದರೆ ಕರುಳಿನೊಳಗೆ ಏನು ಬದಲಾಗುತ್ತದೆ ಎಂದು ಕಂಡುಕೊಂಡರು. ನನಗೆ ಕುದುರೆಗಿಂತ ಇದೇ ಜಾಸ್ತಿ ದೊಡ್ಡದು.

ನಮ್ಮ ತೊಗರಿಗೇನು ಲಾಭ ಎಂದೂ ಕೇಳಿದ್ದೀರಿ. ನೆಟೆ ರೋಗದಲ್ಲಿ ಗಿಡ ಬಾಡುವ ಹೊತ್ತಿಗೆ ಶಿಲೀಂಧ್ರ ಬೇರಿನಿಂದ ಹತ್ತಿ ಕಾಂಡದ ನೀರಿನ ದಾರಿ ಕಟ್ಟಿಬಿಟ್ಟಿರುತ್ತದೆ. ಬೇರಿನ ಬಳಿಯ ಬ್ಯಾಕ್ಟೀರಿಯಾ ಆ ಮೊದಲ ಗಳಿಗೆಯನ್ನು ಬರೆದಿಟ್ಟರೆ ಎಷ್ಟು ಚೆಂದ, ಅಲ್ವಾ? ಇದು ನನ್ನ ಆಸೆ ಅಷ್ಟೇ, ಭರವಸೆ ಅಲ್ಲ. ತಿದ್ದಿದ ಬ್ಯಾಕ್ಟೀರಿಯಾವನ್ನು ಸುಮ್ನೆ ಹೊಲಕ್ಕೆ ಬಿಡುವಂತಿಲ್ಲ, ಸರ್ಕಾರದ ಅನುಮತಿ ಬೇಕು. ಬೇಕೇ ಬೇಕು. ಸದ್ಯಕ್ಕೆ ನಿಮ್ಮೂರಿನ ರೈತರು ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಬೀಜೋಪಚಾರ ಬಿಡದಿರಲಿ, ನೆಟೆ ಬಿದ್ದ ಹೊಲದಲ್ಲಿ ಮುಂದಿನ ವರ್ಷ ಜೋಳ ಬಿತ್ತಲಿ.

– ಸಂ.