ಬ್ಯಾಂಕಾಕಿನ ಬುಂಗ್‌ಸಾಮ್ರಾನ್ ಕೆರೆಯಲ್ಲಿ ಗಾಳದ ದಾರ ಹರಿದದ್ದು ಯಾಕೆ
ಮೆಕಾಂಗ್ ದೈತ್ಯ ಕ್ಯಾಟ್‌ಫಿಶ್ ಮೊದಲ ಓಟಕ್ಕೇ ದಾರ ಹರಿದುಕೊಂಡು ಹೋಯಿತು ಅಂದಿದ್ದೀರಿ; ಬಹುಶಃ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರವನ್ನು ಹಿಡಿದು ಹಿಡಿದು ಬಿಡುವ ಬಿಗಿತ) ವಿಪರೀತ ಬಿಗಿಯಾಗಿತ್ತು. ತುಂಡಾದ ತುದಿ ತರಿತರಿಯಾಗಿದ್ದರೆ ಮಾತ್ರ, ಅಟ್ಟಣೆಯ ಕಂಬಕ್ಕೆ ಉಜ್ಜಿರಬಹುದು.

ನಾಳೆ ಗಾಳ ಎಸೆಯುವ ಮೊದಲು ಗೈಡ್ ಹತ್ತಿರ ಸ್ಪ್ರಿಂಗ್ ತಕ್ಕಡಿ ಕೇಳಿ, ದಾರದ ತುದಿಗೆ ಸಿಕ್ಕಿಸಿ ಎಳೆಯಿರಿ. 50 ಪೌಂಡ್ ತಾಳುವ ದಾರವಾದರೆ ಸುಮಾರು 6 ಕೆ.ಜಿ. ಎಳೆತಕ್ಕೆ ರೀಲು ದಾರ ಬಿಟ್ಟುಕೊಡಬೇಕು. ಆಮೇಲೆ ಕೊಕ್ಕೆಯ ಮೇಲಿನ ಎರಡು ಮೀಟರ್ ದಾರವನ್ನು ಉಗುರಿನ ನಡುವೆ ಸವರಿ ನೋಡಿ. ಎಲ್ಲಾದರೂ ಒರಟು ಸಿಕ್ಕರೆ ಅಷ್ಟನ್ನೂ ಕತ್ತರಿಸಿ ಹೊಸದಾಗಿ ಕಟ್ಟಿಸಿ.

ಮೀನು ಓಡುವಾಗ ದಾರ ಸುತ್ತಿದ ಸ್ಪೂಲಿಗೆ ಬೆರಳೊತ್ತಬೇಡಿ, ಓಡಲಿ ಬಿಡಿ. ನಿಂತ ಮೇಲೆ ಕೋಲೆತ್ತಿ, ಇಳಿಸುತ್ತಾ ಸುತ್ತಿ. ನದಿಯಲ್ಲಿ ಅಳಿವಿನಂಚಿಗೆ ಬಂದಿರುವ ಜೀವ ಅದು, ಫೋಟೊ ನೀರಿನಲ್ಲೇ ತೆಗೆಸಿಕೊಳ್ಳಿ.